ಒಂದೊಂದು ಕೋಣೆಗೆ ಒಂದೊಂದು ಪರದೆ: ನಮ್ಮ ಮನೆಯ ಕಿಟಕಿಗಳಿಗೆ ನಾನು ಆರಿಸಿದ ಬಗೆ

ಕಿಟಕಿಯ ಪರದೆಗಳನ್ನು ಅಳತೆಗೆ ತಕ್ಕಂತೆ ಹೊಲಿದುಕೊಡುವ ಕೆಲಸದಲ್ಲಿ ನಾನು ಬಹಳ ಕಾಲದಿಂದ ಇದ್ದೇನೆ. ಬೇರೆಯವರ ಮನೆಗೆ ಪರದೆ ಆರಿಸಿಕೊಡುವಾಗ ಅವರ ಇಷ್ಟ, ಅವರ ಗೋಡೆಯ ಬಣ್ಣ, ಅವರ ಖರ್ಚಿನ ಮಿತಿ ಇವೆಲ್ಲಕ್ಕೂ ಹೊಂದಿಕೊಂಡು ಕೆಲಸ ಮುಗಿಸಬೇಕಾಗುತ್ತದೆ. ನಮ್ಮ ಸ್ವಂತ ಮನೆಗೆ ಮಾಡುವಾಗ ಮಾತ್ರ ನಾನು ಸರಿಯೆಂದು ನಂಬಿದ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಲು ಅವಕಾಶ ಸಿಕ್ಕಿತು. ಆ ಕ್ರಮದಲ್ಲಿ ಬಟ್ಟೆಯ ಆಯ್ಕೆ ಬರುವುದು ಎಲ್ಲಕ್ಕಿಂತ ಕೊನೆಗೆ. ಆ ಕಿಟಕಿಯಿಂದ ನಮಗೆ ಏನಾಗಬೇಕು, ರಾಡ್ ಎಲ್ಲಿ ಕೂರಬೇಕು, ಎಷ್ಟು ಬಟ್ಟೆ ಹಿಡಿಯುತ್ತದೆ ಎಂಬ ಮೂರು ಸಂಗತಿಗಳು ತೀರ್ಮಾನವಾದ ಮೇಲೆ ಅಂಗಡಿಗೆ ಹೋದರೆ, ಗೋಡೆಯುದ್ದಕ್ಕೂ ನೇತುಹಾಕಿದ ನೂರಾರು ಮಾದರಿಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಕಳಚಿಹೋಗುತ್ತವೆ. ಬಹುತೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಬಟ್ಟೆಗೆ ಮನಸೋತು, ಅದನ್ನು ಕೊಂಡು, ಆಮೇಲೆ ಅದು ಯಾವ ಕಿಟಕಿಗೆ ಒಗ್ಗುತ್ತದೆ ಎಂದು ಹುಡುಕುತ್ತಾರೆ.

ಮೊದಲು ಒಂದು ಪುಸ್ತಕದಲ್ಲಿ ಪ್ರತಿ ಕಿಟಕಿಗೂ ಒಂದು ಪುಟ ತೆಗೆದಿರಿಸಿದೆ. ಅದು ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತಿಗೆ ಒಳಗೆ ಬರುತ್ತದೆ, ಆ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಚಾಚುತ್ತದೆ, ಹೊರಗಿನಿಂದ ಯಾರಿಗೆ ಏನು ಕಾಣುತ್ತದೆ, ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ ಅಥವಾ ಪಕ್ಕಕ್ಕೆ ಜಾರುತ್ತದೆಯೋ, ಕಿಟಕಿಯ ಕೆಳಗೆ ಹಾಸಿಗೆಯಿದೆಯೋ ಮೇಜಿದೆಯೋ, ದಿನಕ್ಕೆ ಎಷ್ಟು ಸಲ ಅದನ್ನು ಎಳೆಯಬೇಕಾಗುತ್ತದೆ ಮತ್ತು ಎಳೆಯುವವರು ಯಾರು ಎಂಬುದನ್ನು ಬರೆದುಕೊಂಡೆ. ಬಣ್ಣದ ಬಗ್ಗೆ ಆ ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ. ದಿಕ್ಕು ಯಾಕೆ ಮುಖ್ಯವೆಂದರೆ, ಪೂರ್ವ ಮತ್ತು ಪಶ್ಚಿಮದ ಕಿಟಕಿಗಳಿಗೆ ಬಿಸಿಲು ಓರೆಯಾಗಿ, ಕೆಳಮಟ್ಟದಿಂದ ಬರುತ್ತದೆ. ಕಿಟಕಿಯ ಮೇಲೆ ಎಷ್ಟೇ ಅಗಲದ ಸಜ್ಜೆಯಿದ್ದರೂ ಅದರ ಅಡಿಯಿಂದ ನುಸುಳಿ ಕೋಣೆಯ ಆಳದವರೆಗೆ ಬೀಳುತ್ತದೆ. ಅಂಥ ಕಿಟಕಿಗೆ ಪರದೆ ನಿಜವಾಗಿ ದುಡಿಯಬೇಕಾಗುತ್ತದೆ. ಇಡೀ ದಿನ ನೇರ ಬಿಸಿಲೇ ಬೀಳದ ಕಿಟಕಿಗೆ ಅದೇ ದಪ್ಪ ಬಟ್ಟೆಯನ್ನು ಹಾಕಿದರೆ ಕೋಣೆ ಮಂಕಾಗುವುದರ ಹೊರತು ಬೇರೇನೂ ಲಾಭವಿಲ್ಲ.

ಅಳತೆಯ ವಿಷಯದಲ್ಲಿ ನಾನು ಬಟ್ಟೆಯ ಟೇಪನ್ನು ಮುಟ್ಟುವುದಿಲ್ಲ, ಅದು ಹಿಗ್ಗುತ್ತದೆ. ಉಕ್ಕಿನ ಟೇಪಿನಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಎತ್ತರವನ್ನು ಎಡ, ನಡು, ಬಲ ಹೀಗೆ ಮೂರು ಕಡೆ ತೆಗೆಯುತ್ತೇನೆ. ಚೌಕಟ್ಟಿನ ಒಳಗೆ ಕೂರುವ ಬ್ಲೈಂಡ್ (ನೆರಿಗೆಯ ಪರದೆಯ ಬದಲು ಮೇಲಕ್ಕೆ ಎತ್ತುವ ತೆರೆ) ಆದರೆ ಅಗಲದಲ್ಲಿ ಸಿಕ್ಕ ಅತಿ ಕಡಿಮೆ ಅಳತೆಯೇ ಲೆಕ್ಕಕ್ಕೆ. ಜೊತೆಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ನೋಡಬೇಕು. ಎರಡೂ ಸಮನಾಗಿಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆಯೆಂದು ಅರ್ಥ, ಮತ್ತು ಅಂಥ ಚೌಕಟ್ಟಿನೊಳಗೆ ನೇರ ಅಂಚಿನ ಬ್ಲೈಂಡ್ ಕೂರಿಸಿದರೆ ಆ ಸೊಟ್ಟು ಎದ್ದು ಕಾಣುತ್ತದೆ. ನಮ್ಮ ಓದುವ ಕೋಣೆಯ ಕಿಟಕಿಯಲ್ಲಿ ಕರ್ಣಗಳ ನಡುವೆ ಒಂದು ಬೆರಳಿನಷ್ಟು ವ್ಯತ್ಯಾಸವಿತ್ತು. ಆದ್ದರಿಂದ ಅಲ್ಲಿ ಬ್ಲೈಂಡನ್ನು ಚೌಕಟ್ಟಿನ ಹೊರಗೆ, ಗೋಡೆಯ ಮೇಲೆಯೇ ಕೂರಿಸುವುದೆಂದು ಆಗಲೇ ನಿರ್ಧಾರವಾಯಿತು. ಪರದೆಯ ಉದ್ದವನ್ನು ಅಳೆಯುವಾಗಲೂ ರಾಡಿನ ಎರಡೂ ತುದಿ ಬರುವ ಜಾಗದಿಂದ ನೆಲದವರೆಗೆ ಬೇರೆಬೇರೆಯಾಗಿ ಅಳೆಯಬೇಕು, ಏಕೆಂದರೆ ಸಮತಟ್ಟಾಗಿ ಕಾಣುವ ನೆಲವೂ ಹಲವು ಸಲ ಒಂದು ಕಡೆಗೆ ವಾಲಿರುತ್ತದೆ.

ರಾಡಿನ ಜಾಗ ಕೋಣೆಯ ರೂಪವನ್ನೇ ಬದಲಿಸುತ್ತದೆ. ಚೌಕಟ್ಟಿಗೆ ಅಂಟಿದಂತೆ, ಅದರಷ್ಟೇ ಅಗಲಕ್ಕೆ ರಾಡ್ ಹಾಕಿದರೆ, ಪರದೆಯನ್ನು ಪೂರ್ತಿ ಸರಿಸಿದಾಗಲೂ ಬಟ್ಟೆಯ ರಾಶಿ ಗಾಜಿನ ಮೇಲೆಯೇ ಕುಳಿತಿರುತ್ತದೆ, ಕಿಟಕಿ ಇದ್ದುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಆದ್ದರಿಂದ ನಾನು ಚೌಕಟ್ಟಿನಿಂದ ಕನಿಷ್ಠ 10ರಿಂದ 15 ಸೆಂ.ಮೀ. ಮೇಲಕ್ಕೆ, ಎರಡೂ ಪಕ್ಕಕ್ಕೆ 20ರಿಂದ 25 ಸೆಂ.ಮೀ. ಹೊರಕ್ಕೆ ಹೋಗುತ್ತೇನೆ, ಲೈನಿಂಗ್ ಇರುವ ದಪ್ಪ ಪರದೆಗೆ ಇನ್ನೂ ಸ್ವಲ್ಪ ಜಾಸ್ತಿ. ರಾಡ್ ಕೂರಿಸಲು ಬಂದ ಹುಡುಗ ಪೆನ್ಸಿಲಿನ ಗುರುತು ನೋಡಿ, “ಮೇಡಂ, ಕಿಟಕಿ ಇಲ್ಲಿದೆ, ನೀವು ಅಷ್ಟು ಮೇಲೆ ಗುರುತು ಮಾಡಿದ್ದೀರಲ್ಲ” ಎಂದ. “ಹೌದಪ್ಪಾ, ಅಲ್ಲಿಗೇ ಹಾಕು, ಪರದೆ ಬಂದ ಮೇಲೆ ನೋಡುವಿಯಂತೆ” ಎಂದೆ. ಬರಿ ಗೋಡೆಯ ಮೇಲೆ ಅಷ್ಟೆತ್ತರದ ರಾಡ್ ವಿಚಿತ್ರವಾಗಿ ಕಾಣುವುದು ಸಹಜವೇ. ಬಟ್ಟೆ ಬಿದ್ದ ಮೇಲೆ ಚೌಕಟ್ಟು ಎಲ್ಲಿ ಮುಗಿದಿದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಚಾವಣಿಯೇ ಎತ್ತರವಾದಂತೆ ತೋರುತ್ತದೆ.

ಈಗ ಬಟ್ಟೆಯ ಅಗಲದ ಲೆಕ್ಕ. ಪರದೆ ಬಡಕಲಾಗಿ ಕಾಣುವುದಕ್ಕೆ ಬಹುಮಟ್ಟಿಗೆ ಇದೊಂದೇ ಕಾರಣ. ಪರದೆಯನ್ನು ಮುಚ್ಚಿದಾಗಲೂ ನೆರಿಗೆ ನಿಲ್ಲಬೇಕಾದರೆ ಬಟ್ಟೆ ರಾಡಿನ ಅಗಲಕ್ಕಿಂತ ಎರಡರಿಂದ ಎರಡೂವರೆ ಪಟ್ಟು ಇರಬೇಕು. ತೆಳು ಜಾಲರಿ ಬಟ್ಟೆಗಾದರೆ ಎರಡೂವರೆಯಿಂದ ಮೂರು ಪಟ್ಟು. ದುಬಾರಿ ಬಟ್ಟೆಯನ್ನು ಒಂದೂವರೆ ಪಟ್ಟಿಗೆ ಹಿಡಿದು ಹೊಲಿಸುವುದಕ್ಕಿಂತ ಸಾದಾ ಬಟ್ಟೆಯನ್ನು ಎರಡೂವರೆ ಪಟ್ಟು ಹೊಲಿಸುವುದು ಯಾವಾಗಲೂ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮಾತನ್ನು ಗಿರಾಕಿಗಳಿಗೆ ಒಪ್ಪಿಸುವುದು ಮಾತ್ರ ಸುಲಭವಲ್ಲ, ಏಕೆಂದರೆ ಅಂಗಡಿಯಲ್ಲಿ ಕೈಗೆ ಸಿಗುವುದು ಬಟ್ಟೆಯೇ ಹೊರತು ನೆರಿಗೆಯಲ್ಲ.

ನಮ್ಮ ನಡುಮನೆಯ ಕಿಟಕಿಯ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಚೌಕಟ್ಟಿನ ಅಗಲ 180 ಸೆಂ.ಮೀ.; ಎರಡೂ ಪಕ್ಕಕ್ಕೆ 25 ಸೇರಿಸಿದರೆ ರಾಡು 230. ಇದಕ್ಕೆ ಎರಡೂಕಾಲು ಪಟ್ಟು ಎಂದರೆ ಸುಮಾರು 517 ಸೆಂ.ಮೀ. ಬಟ್ಟೆ. ಪರದೆಯ ಬಟ್ಟೆ ಸಾಮಾನ್ಯವಾಗಿ 54 ಇಂಚು, ಅಂದರೆ 137 ಸೆಂ.ಮೀ. ಪನ್ನದಲ್ಲಿ (ಥಾನಿನ ಅಗಲದಲ್ಲಿ) ಬರುತ್ತದೆ, 517ನ್ನು 137ರಿಂದ ಭಾಗಿಸಿದರೆ ನಾಲ್ಕಕ್ಕೆ ಸ್ವಲ್ಪ ಕಡಿಮೆ, ಆದ್ದರಿಂದ ನಾಲ್ಕು ಪನ್ನ, ಒಂದೊಂದು ಪರದೆಗೆ ಎರಡೆರಡು. ಪಕ್ಕದ ಅಂಚುಗಳಿಗೂ ಜೋಡಣೆಯ ಹೊಲಿಗೆಗೂ ಹೋಗುವುದನ್ನು ಕಳೆದರೆ 510ರಷ್ಟು ಉಳಿಯುತ್ತದೆ. ಎರಡೂಕಾಲು ಪಟ್ಟಿಗೆ ಅದು ಸಾಕಷ್ಟು ಹತ್ತಿರ. ಉದ್ದದಲ್ಲಿ ಸಿದ್ಧ ಪರದೆ 250 ಸೆಂ.ಮೀ. ಬೇಕಿತ್ತು, ಕೆಳಗೆ 10 ಸೆಂ.ಮೀ. ಅಂಚನ್ನು ಎರಡು ಮಡಿಕೆ ಮಾಡಲು 20, ಮೇಲ್ತಲೆಗೆ 10 ಸೇರಿ 280 ಆಯಿತು. ಸಾದಾ ಬಟ್ಟೆಯಾದರೆ ನಾಲ್ಕು ತುಂಡಿಗೆ 11.2 ಮೀಟರ್ ಸಾಕು. ಆದರೆ ನನಗೆ ಹಿಡಿಸಿದ್ದ ಎಲೆಬಳ್ಳಿಯ ಅಚ್ಚಿನಲ್ಲಿ ಚಿತ್ರ 64 ಸೆಂ.ಮೀ.ಗೆ ಒಮ್ಮೆ ಮರುಕಳಿಸುತ್ತಿತ್ತು. ಪಕ್ಕಪಕ್ಕದ ಪನ್ನಗಳಲ್ಲಿ ಬಳ್ಳಿ ಒಂದೇ ಮಟ್ಟದಲ್ಲಿ ಕೂಡಬೇಕಾದರೆ ಪ್ರತಿ ತುಂಡನ್ನೂ ಚಿತ್ರದ ಪೂರ್ತಿ ಆವೃತ್ತಿಗೆ ಕತ್ತರಿಸಬೇಕು, ನಾಲ್ಕು ಆವೃತ್ತಿಗೆ 256 ಮಾತ್ರ, ಸಾಲದು, ಐದಕ್ಕೆ 320. ಹೀಗೆ ಒಟ್ಟು 12.8 ಮೀಟರ್ ಬೇಕಾಯಿತು. ಹೆಚ್ಚಿಗೆ ಬಂದ ಒಂದೂವರೆ ಮೀಟರಿನಷ್ಟು ಬಟ್ಟೆ ವ್ಯರ್ಥವೆಂದು ತೋರಬಹುದು, ಆದರೆ ಅಚ್ಚು ಕೂಡದ ಜೋಡಣೆ ದಿನವೂ ಕಣ್ಣಿಗೆ ಚುಚ್ಚುತ್ತದೆ. ದೊಡ್ಡ ಚಿತ್ರದ ಬಟ್ಟೆ ಆರಿಸುವವರು ಈ ಅಳತೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇದೇ ಲೆಕ್ಕದಿಂದ ಪರದೆಯ ತೂಕವೂ ತಿಳಿಯುತ್ತದೆ. 280 ಸೆಂ.ಮೀ. ಉದ್ದದ ನಾಲ್ಕು ಪನ್ನ ಎಂದರೆ ಸುಮಾರು 15 ಚದರ ಮೀಟರ್. ಬಟ್ಟೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ಇದ್ದರೆ ನಾಲ್ಕೂವರೆ ಕಿಲೋ, ಅದರ ಹಿಂದೆ 150 ಜಿಎಸ್‌ಎಂ ಲೈನಿಂಗ್ ಸೇರಿದರೆ ಏಳು ಕಿಲೋದ ಹತ್ತಿರ. ಎಳೆಯುವಾಗ ಬೀಳುವ ಜಗ್ಗು ಬೇರೆ. ಆದ್ದರಿಂದ ಒಂದು ಮೀಟರಿಗೆ ಒಂದಾದರೂ ಬ್ರಾಕೆಟ್ ಇರುವಂತೆ ನೋಡಿಕೊಂಡೆ, ಗೋಡೆಯ ಗಾರೆಗೆ ಮಾತ್ರ ಕಚ್ಚಿಕೊಳ್ಳುವ ಗಿಡ್ಡ ಸ್ಕ್ರೂಗಳನ್ನು ಬಿಟ್ಟು ಒಳಗಿನ ಇಟ್ಟಿಗೆಯವರೆಗೆ ಹೋಗುವ ಉದ್ದನೆಯವನ್ನು ಹಾಕಿಸಿದೆ.

ಪರದೆಯ ಮೇಲ್ತಲೆಯಲ್ಲಿ ಎಷ್ಟೋ ಬಗೆಗಳಿದ್ದರೂ ನಾನು ಎರಡನ್ನೇ ಬಳಸಿದೆ. ರಾಡ್ ತೂರುವ ಲೋಹದ ಬಳೆಗಳನ್ನು, ಅಂದರೆ ಐಲೆಟ್‌ಗಳನ್ನು ಹಾಕಿದ್ದು ಸರಳ, ಸರಾಗವಾಗಿ ಜಾರುತ್ತದೆ. ಐಲೆಟ್‌ಗಳ ಸಂಖ್ಯೆ ಸಮವಾಗಿರಬೇಕು, ಆಗಲೇ ಎರಡೂ ತುದಿಗಳು ಗೋಡೆಯ ಕಡೆಗೆ ತಿರುಗುತ್ತವೆ. ಆದರೆ ಅದರ ನೆರಿಗೆ ದೊಡ್ಡದು, ಸರಿಸಿದಾಗ ಜಾಗ ಹೆಚ್ಚು ತಿನ್ನುತ್ತದೆ, ರಾಡಿನ ಮೇಲುಗಡೆಯಿಂದ ಬೆಳಕೂ ಇಣುಕುತ್ತದೆ. ಮೂರು ಮೂರು ನೆರಿಗೆಯನ್ನು ಒಟ್ಟಿಗೆ ಹಿಡಿದು ಹೊಲಿದ ಪಿಂಚ್ ಪ್ಲೀಟ್ ಹೊಲಿಗೆಯ ಕೆಲಸ ಹೆಚ್ಚು ಬೇಡಿದರೂ ಅದು ಇಳಿಬೀಳುವ ರೀತಿ ಅಚ್ಚುಕಟ್ಟು. ಕೊಕ್ಕೆಯ ಎತ್ತರವನ್ನು ಬದಲಿಸಿ ಉದ್ದವನ್ನು ಸ್ವಲ್ಪ ಹೊಂದಿಸಿಕೊಳ್ಳಲೂ ಆಗುತ್ತದೆ. ಬಟ್ಟೆಯ ಸುರಂಗದೊಳಗೆ ರಾಡನ್ನು ತೂರಿಸುವ ಬಗೆ, ದಿನವೂ ಎಳೆಯುವ ಪರದೆಗೆ ಸಲ್ಲದು.

ನಡುಮನೆಗೆ ಎರಡು ಪದರ ಹಾಕಿದೆ. ಗಾಜಿನ ಕಡೆಗೆ ತೆಳುವಾದ ಬಿಳಿ ಪರದೆ, ಕೋಣೆಯ ಕಡೆಗೆ ಎಲೆಬಳ್ಳಿಯ ದಪ್ಪ ಪರದೆ. ತೆಳುಪರದೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚು, ಒಳಗೆ ಕಡಿಮೆ. ಆದ್ದರಿಂದ ಹೊರಗಿನವರಿಗೆ ಬಟ್ಟೆ ಮಾತ್ರ ಕಾಣುತ್ತದೆ, ಒಳಗಿರುವ ನಮಗೆ ಹೊರಗಿನದು ಕಾಣುತ್ತದೆ. ಕತ್ತಲಾಗಿ ದೀಪ ಹಾಕಿದ ಕೂಡಲೇ ಇದು ಪೂರ್ತಿ ತಲೆಕೆಳಗಾಗುತ್ತದೆ. ಮಾದರಿಯ ತುಂಡನ್ನು ಕಿಟಕಿಗೆ ಸಿಕ್ಕಿಸಿ, ರಾತ್ರಿ ಒಳಗೆ ದೀಪ ಹಾಕಿ, ಮನೆಯವರನ್ನು ಸೋಫಾದ ಮೇಲೆ ಕೂರಿಸಿ ನಾನು ಹೊರಗೆ ಹೋಗಿ ನಿಂತು ನೋಡಿದೆ: ಕುಳಿತವರ ಕೈಯಲ್ಲಿದ್ದ ಪುಸ್ತಕದ ರಟ್ಟಿನ ಬಣ್ಣವೂ ಸ್ಪಷ್ಟವಾಗಿ ತಿಳಿಯುತ್ತಿತ್ತು. ತೆಳುಪರದೆ ಒಂದೇ ಸಾಕೆನ್ನುವವರಿಗೆ ನಾನು ಮೊದಲು ಈ ಪರೀಕ್ಷೆ ಮಾಡಿ ನೋಡಿ ಎನ್ನುತ್ತೇನೆ. ಈ ಪದರಕ್ಕೆ 280 ಸೆಂ.ಮೀ. ಪನ್ನದ ಬಟ್ಟೆಯನ್ನು ಅಡ್ಡಲಾಗಿ ಬಳಸಿದೆ. ಪನ್ನವೇ ಪರದೆಯ ಎತ್ತರವಾಗುವುದರಿಂದ ಅಗಲ ಎಷ್ಟೇ ಇರಲಿ, ನಡುವೆ ಜೋಡಣೆಯ ಹೊಲಿಗೆ ಬರುವುದಿಲ್ಲ. ತೆಳು ಬಟ್ಟೆಯಲ್ಲಿ ಬೆಳಕಿಗೆ ಎದುರಾಗಿ ಪ್ರತಿ ಹೊಲಿಗೆಯೂ ಕಪ್ಪು ಗೆರೆಯಾಗಿ ಕಾಣುವುದರಿಂದ ಇದು ಮುಖ್ಯ.

ನಡುಮನೆಯಿಂದ ಹೊರಗೆ ಹೋಗುವ ಜಾರುಬಾಗಿಲಿಗೆ ಎರಡು ಭಾಗದ ಬದಲು ಒಂದೇ ಪರದೆ ಹಾಕಿಸಿದೆ. ಅದು ಪೂರ್ತಿಯಾಗಿ ಜಾರದ ಗಾಜಿನ ಕಡೆಗೆ ಸರಿದು ನಿಲ್ಲುತ್ತದೆ, ಓಡಾಡುವವರ ಭುಜಕ್ಕೆ ಉಜ್ಜುವುದಿಲ್ಲ. ದಪ್ಪ ನೆರಿಗೆಯ ಬಟ್ಟೆ ಬಂದಮೇಲೆ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆಯಾಗಿ ಮಾತು ತಿಳಿಯಾಗಿ ಕೇಳುತ್ತದೆ. ಹೊರಗಿನ ವಾಹನಗಳ ಸದ್ದನ್ನು ಪರದೆ ತಡೆಯುತ್ತದೆ ಎಂಬ ಮಾರಾಟದ ಮಾತನ್ನು ಮಾತ್ರ ನಂಬಬೇಕಾಗಿಲ್ಲ. ಗಾಜಿನ ಸಂದುಗಳನ್ನು ಮುಚ್ಚುವುದರಿಂದ ಆಗುವ ಲಾಭ ಬಟ್ಟೆಯಿಂದ ಆಗದು.

ಮಲಗುವ ಕೋಣೆಯ ಕಿಟಕಿ ಪೂರ್ವಕ್ಕಿದೆ. ಅಲ್ಲಿ ಬೆಳಗಿನ ಬಿಸಿಲನ್ನು ನಿಜವಾಗಿಯೂ ತಡೆಯಬೇಕಿತ್ತು. ಗಾಢ ಬಣ್ಣದ ಬಟ್ಟೆ ತಂದರೆ ಕತ್ತಲಾಗುತ್ತದೆಂದು ಹಲವರು ಭಾವಿಸುತ್ತಾರೆ. ಆದರೆ ಬೆಳಕನ್ನು ತಡೆಯುವುದು ನೇಯ್ಗೆಯ ದಟ್ಟಣೆ ಮತ್ತು ಹಿಂದಿನ ಲೇಪ. ಬ್ಲ್ಯಾಕ್‌ಔಟ್ ಲೈನಿಂಗ್ ಎಂಬುದರಲ್ಲಿ ಬಟ್ಟೆಯ ಹಿಂದೆ ಬಿಳಿ, ಕಪ್ಪು, ಬಿಳಿ ಹೀಗೆ ಮೂರು ಪದರ ನೊರೆಲೇಪ ಹಚ್ಚಿರುತ್ತಾರೆ. ನಡುವಿನ ಕಪ್ಪು ಬೆಳಕನ್ನು ನುಂಗುತ್ತದೆ, ಹೊರಮುಖದ ಬಿಳಿ ಬಿಸಿಲಿನ ಒಂದು ಪಾಲನ್ನು ಗಾಜಿನ ಮೂಲಕ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಮುಂದಿನ ಬಟ್ಟೆ ತಿಳಿ ಬಣ್ಣದ್ದಾದರೂ ತೊಂದರೆಯಿಲ್ಲ. ನಾನು ತಿಳಿ ಬೂದು ಹತ್ತಿಬಟ್ಟೆಯನ್ನು ಆರಿಸಿದೆ. ಲೇಪವಿರುವ ಬಟ್ಟೆಯಲ್ಲಿ ಸೂಜಿ ಹೋದ ತೂತು ಮತ್ತೆ ಮುಚ್ಚಿಕೊಳ್ಳುವುದಿಲ್ಲ, ಬೆಳಗ್ಗೆ ಪ್ರತಿ ತೂತೂ ಒಂದು ಬೆಳಕಿನ ಚುಕ್ಕಿಯಾಗಿ ಹೊಳೆಯುತ್ತದೆ. ಹೀಗಾಗಿ ಹೊಲಿಗೆ ಬಿಚ್ಚಿ ಮತ್ತೆ ಹಾಕುವಂತಿಲ್ಲ, ಟಾಚಣಿ ಚುಚ್ಚುವಂತಿಲ್ಲ. ಮಡಿಕೆಯನ್ನು ಕ್ಲಿಪ್ಪಿನಲ್ಲಿ ಹಿಡಿದು, ಉದ್ದನೆಯ ಹೊಲಿಗೆಯಲ್ಲಿ ಒಂದೇ ಸಲಕ್ಕೆ ಮುಗಿಸಬೇಕು. ಲೈನಿಂಗನ್ನು ಮುಂದಿನ ಬಟ್ಟೆಗೆ ಹೊಲಿದುಬಿಡದೆ ಅದೇ ಕೊಕ್ಕೆಗಳಿಗೆ ಬೇರೆಯಾಗಿ ನೇತುಬಿಟ್ಟೆ. ಹತ್ತಿಯನ್ನು ತೊಳೆಯಬಹುದು, ಲೇಪದ ಬಟ್ಟೆಯನ್ನು ಒರೆಸಿದರೆ ಸಾಕು, ಎರಡರ ಕುಗ್ಗುವಿಕೆಯೂ ಬೇರೆಬೇರೆ.

ಇಷ್ಟೆಲ್ಲ ಮಾಡಿದರೂ ಕೋಣೆ ಕತ್ತಲಾಗದೆ ಇರುವುದಕ್ಕೆ ಕಾರಣ ಬಟ್ಟೆಯ ಸುತ್ತಲಿನ ಸಂದು. ರಾಡ್ ಗೋಡೆಯಿಂದ 8–10 ಸೆಂ.ಮೀ. ಮುಂದಿರುತ್ತದೆ, ಆ ಸಂದಿನಿಂದ ಬೆಳಕು ಮೇಲಕ್ಕೆ ಹತ್ತಿ ಚಾವಣಿಯನ್ನೇ ಬೆಳಗಿಸುತ್ತದೆ. ಅದಕ್ಕಾಗಿ ಮಲಗುವ ಕೋಣೆಯಲ್ಲಿ ರಾಡನ್ನು ಕೈಬಿಟ್ಟು ಚಾವಣಿಗೆ ಟ್ರ್ಯಾಕ್ ಹಾಕಿಸಿದೆ. ಪರದೆಯ ಹೊರತುದಿಯನ್ನು ಗೋಡೆಯವರೆಗೆ ತಿರುಗಿಸಿ ಅಲ್ಲೊಂದು ಕೊಕ್ಕೆಗೆ ಸಿಕ್ಕಿಸಿದೆ, ಎರಡು ಪರದೆಗಳು ನಡುವೆ ಕೂಡುವಲ್ಲಿ 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮಾಡಿಸಿದೆ. ಚೌಕಟ್ಟಿನೊಳಗೆ ಬ್ಲ್ಯಾಕ್‌ಔಟ್ ರೋಲರ್ ಬ್ಲೈಂಡ್ (ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ಬಗೆ) ಹಾಕಿದರೆ ಇದೆಲ್ಲ ತಪ್ಪುತ್ತದೆ ಎನ್ನುವವರಿದ್ದಾರೆ. ಆದರೆ ರೋಲರಿನ ಬಟ್ಟೆ ಅದರ ಬ್ರಾಕೆಟ್ಟುಗಳಿಗಿಂತ ಕಿರಿದಾಗಿರಲೇಬೇಕಾದ್ದರಿಂದ ಎರಡೂ ಪಕ್ಕದಲ್ಲಿ ಒಂದೂವರೆ ಎರಡು ಸೆಂ.ಮೀ. ಬೆಳಕಿನ ಪಟ್ಟಿ ಉಳಿದೇ ಉಳಿಯುತ್ತದೆ, ಪಕ್ಕದಲ್ಲಿ ಕಾಲುವೆಯಂಥ ಹಳಿ ಕೂರಿಸದ ಹೊರತು.

ಮಕ್ಕಳ ಕೋಣೆಯಲ್ಲಿ ಬಣ್ಣಕ್ಕೂ ಚಿತ್ರಕ್ಕೂ ಮುಂಚೆ ಹಗ್ಗದ ವಿಚಾರ ಬರಬೇಕು. ಬ್ಲೈಂಡಿನ ಎಳೆಯುವ ಹಗ್ಗ ಅಥವಾ ಮಣಿಸರ ಕುಣಿಕೆಯಾಗಿ ಇಳಿಬಿದ್ದಿದ್ದರೆ ಅದು ಚಿಕ್ಕ ಮಕ್ಕಳ ಕೊರಳಿಗೆ ಸಿಕ್ಕುವ ಅಪಾಯ ನಿಜವಾದದ್ದು. ಇಂಥ ಸಾವುಗಳು ಸಂಭವಿಸಿದ್ದರಿಂದಲೇ ಹಲವು ದೇಶಗಳಲ್ಲಿ ಬ್ಲೈಂಡುಗಳಿಗೆ ಸುರಕ್ಷತಾ ನಿಯಮಗಳು ಬಂದಿವೆ. ನಾನು ಆ ಕೋಣೆಗೆ ಹಗ್ಗವೇ ಇಲ್ಲದ, ಕೋಲಿನಿಂದ ಸರಿಸುವ ಸಾದಾ ಪರದೆಯನ್ನು, ಕಿಟಕಿಯ ಹಲಗೆಯಿಂದ ಒಂದಷ್ಟು ಕೆಳಗಿನವರೆಗೆ ಮಾತ್ರ ಬರುವಂತೆ ಹಾಕಿದೆ. ನೆಲ ಮುಟ್ಟುವ ಪರದೆಯ ಹಿಂದೆ ಅಡಗುವುದು, ಅದನ್ನು ಹಿಡಿದು ಜೋತಾಡುವುದು ಮಕ್ಕಳಿಗೆ ಸಹಜ. ಮಣಿಸರದ ಬ್ಲೈಂಡನ್ನೇ ಹಾಕಬೇಕಾಗಿ ಬಂದರೆ ಸರವನ್ನು ಬಿಗಿಯಾಗಿ ಗೋಡೆಗೆ ಹಿಡಿಸುವ ಸಾಧನ ಕೂರಿಸಬೇಕು. ಹಗ್ಗವಿದ್ದರೆ ಅದನ್ನು ಸುತ್ತಿಡುವ ಕೊಕ್ಕೆ ನೆಲದಿಂದ ಕನಿಷ್ಠ 150 ಸೆಂ.ಮೀ. ಎತ್ತರದಲ್ಲಿರಬೇಕು, ತೊಟ್ಟಿಲನ್ನಾಗಲಿ ಮಂಚವನ್ನಾಗಲಿ ಆ ಕಿಟಕಿಯ ಹತ್ತಿರ ಇಡಲೇಬಾರದು.

ಓದುವ ಕೋಣೆಯ ಸಮಸ್ಯೆ ಬೇರೆ: ಹಗಲೆಲ್ಲ ಬೆಳಕು ಬೇಕು, ಆದರೆ ಕಂಪ್ಯೂಟರಿನ ತೆರೆಯ ಮೇಲೆ ಪ್ರತಿಫಲನ ಬೇಡ. ಇಲ್ಲಿ ಸೋಲಾರ್ ಸ್ಕ್ರೀನ್ ಎಂಬ ಜಾಲರಿ ಬಟ್ಟೆಯ ರೋಲರ್ ಬ್ಲೈಂಡ್ ಹಾಕಿದೆ. ಈ ಬಟ್ಟೆಯಲ್ಲಿ ನೂಲುಗಳ ನಡುವಿನ ರಂಧ್ರದ ಪಾಲನ್ನು 1, 3, 5, 10 ಪ್ರತಿಶತ ಹೀಗೆ ಹೇಳುತ್ತಾರೆ; ಅಂಕಿ ಕಡಿಮೆಯಾದಷ್ಟೂ ಬಿಸಿಲು ಕಡಿಮೆ, ಹೊರನೋಟವೂ ಕಡಿಮೆ. ನಾನು 3ನ್ನು ಆರಿಸಿದೆ. ಬಣ್ಣದಲ್ಲಿ ಬಿಳಿಗಿಂತ ಗಾಢ ಬೂದು ಹೊರನೋಟವನ್ನು ತಿಳಿಯಾಗಿ ತೋರಿಸುತ್ತದೆ, ಕಣ್ಣು ಕುಕ್ಕುವುದನ್ನೂ ಚೆನ್ನಾಗಿ ತಡೆಯುತ್ತದೆ. ಬಿಳಿ ಬಟ್ಟೆ ಬಿಸಿಲು ಬಿದ್ದಾಗ ತಾನೇ ಬೆಳಗಿಬಿಡುತ್ತದೆ. ಶಾಖವನ್ನು ಹಿಂದಕ್ಕೆ ಕಳಿಸುವುದರಲ್ಲಿ ಬಿಳಿಯೇ ಮೇಲು, ಆದ್ದರಿಂದ ಸೆಕೆಯೇ ದೊಡ್ಡ ತೊಂದರೆಯಾಗಿರುವ ಕೋಣೆಗೆ ಆಯ್ಕೆ ಬದಲಾಗಬಹುದು. ಮೇಜನ್ನು ಕಿಟಕಿಗೆ ಅಡ್ಡಲಾಗಿ, ಬೆಳಕು ಪಕ್ಕದಿಂದ ಬರುವಂತೆ ತಿರುಗಿಸಿದ್ದರಿಂದ ಅರ್ಧ ಸಮಸ್ಯೆ ಬ್ಲೈಂಡ್ ಬರುವ ಮೊದಲೇ ಮುಗಿದಿತ್ತು ಎಂಬುದನ್ನೂ ಹೇಳಬೇಕು.

ಅಡುಗೆಮನೆಯಲ್ಲಿ ಒಲೆಯ ಹತ್ತಿರದ ಕಿಟಕಿಗೆ ಇಳಿಬೀಳುವ ಬಟ್ಟೆ ಬೇಡವೇ ಬೇಡ. ಬೆಂಕಿಯ ಭಯ ಒಂದಾದರೆ, ಎಣ್ಣೆಯ ಜಿಡ್ಡು ಇನ್ನೊಂದು. ಅಲ್ಯೂಮಿನಿಯಂ ಪಟ್ಟಿಗಳ ವೆನೀಷಿಯನ್ ಬ್ಲೈಂಡನ್ನು ಹಲವರು ಸೂಚಿಸುತ್ತಾರೆ, ಆದರೆ ಜಿಡ್ಡು ಹಿಡಿದ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದವರು ಅದನ್ನು ಎರಡನೆಯ ಸಲ ಕೊಳ್ಳುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ರೋಲರ್ ಬ್ಲೈಂಡ್ ಹಾಕಿದೆ, ಪಾತ್ರೆ ತೊಳೆಯುವ ಕಡೆಯ ಕಿಟಕಿಗೆ ಕೆಳಗಿನ ಅರ್ಧಕ್ಕೆ ಮಾತ್ರ ಒಗೆಯಬಹುದಾದ ಹತ್ತಿಯ ಸಣ್ಣ ಪರದೆ. ಬಚ್ಚಲಿಗೆ ಮಬ್ಬುಗಾಜಿನಂತೆ ಕಾಣುವ ಫಿಲ್ಮ್ ಅಂಟಿಸಿದೆ, ಅಷ್ಟೇ; ಮರದ ಪಟ್ಟಿಗಳು ಅಲ್ಲಿ ಉಬ್ಬಿ ಬಾಗುತ್ತವೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮೆಟ್ಟಿಲ ಮೇಲಿನ ಎತ್ತರದ ಕಿಟಕಿಗೆ ಏನನ್ನೂ ಹಾಕಲಿಲ್ಲ. ಕೈಗೆ ಎಟುಕದ, ಯಾರೂ ಇಣುಕಲಾಗದ ಕಿಟಕಿಯನ್ನು ಬರಿದಾಗಿಯೇ ಬಿಡಬಹುದು.

ಇನ್ನು ಬಟ್ಟೆ. ಅಂಗೈಯಗಲದ ಮಾದರಿಯನ್ನು ನೋಡಿ ತೀರ್ಮಾನಿಸಬಾರದು. ಅರ್ಧ ಮೀಟರಾದರೂ ತುಂಡನ್ನು ಕೊಂಡು, ನೆರಿಗೆ ಹಿಡಿದು, ಅದು ತೂಗಬೇಕಾದ ಕಿಟಕಿಗೇ ಸಿಕ್ಕಿಸಿ ಕೆಲವು ದಿನ ಬಿಡಬೇಕು. ಮೇಜಿನ ಮೇಲೆ ಹರಡಿದ ಬಟ್ಟೆಯ ಮೇಲೆ ಬೆಳಕು ಬೀಳುತ್ತದೆ, ಕಿಟಕಿಗೆ ತೂಗಿದ ಬಟ್ಟೆಯ ಮೂಲಕ ಬೆಳಕು ಬರುತ್ತದೆ. ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ನೆರಿಗೆಯ ಒಳಮಡಿಕೆಯಲ್ಲಿ ಬಣ್ಣ ಗಾಢವಾಗುತ್ತದೆ, ರಾತ್ರಿಯ ದೀಪದಲ್ಲಿ ಮತ್ತೊಂದು ಛಾಯೆ ಬರುತ್ತದೆ. ತುಂಡನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಸುಕ್ಕು ಎಷ್ಟು ನಿಲ್ಲುತ್ತದೆಂದು ತಿಳಿಯುತ್ತದೆ. ಬಿಸಿಲಿಗೆ ಬಣ್ಣ ಎಷ್ಟು ನಿಲ್ಲುತ್ತದೆ ಎಂಬುದನ್ನು 1ರಿಂದ 8ರವರೆಗಿನ ಬ್ಲೂ ವೂಲ್ ಮಾನದಲ್ಲಿ ಹೇಳುವುದುಂಟು, 8 ಅತ್ಯುತ್ತಮ; ನೇರ ಬಿಸಿಲಿನ ಕಿಟಕಿಗೆ ನಾನು 5ಕ್ಕಿಂತ ಕಡಿಮೆಯದನ್ನು ತೆಗೆದುಕೊಳ್ಳಲಿಲ್ಲ. ರೇಷ್ಮೆ ಬಿಸಿಲಿಗೆ ಬಣ್ಣಗೆಡುವುದಷ್ಟೇ ಅಲ್ಲ, ನೂಲೇ ಸಡಿಲಾಗಿ ಹರಿಯುತ್ತದೆ. ಲೈನಿಂಗ್ ಇಲ್ಲದೆ ಅದನ್ನು ತೂಗುಹಾಕುವುದೆಂದರೆ ದುಡ್ಡನ್ನು ಬಿಸಿಲಿಗೆ ಒಣಹಾಕಿದಂತೆ. ಪಾಲಿಯೆಸ್ಟರ್ ಇದನ್ನು ಬಹಳ ಕಾಲ ತಾಳುತ್ತದೆ, ಉದ್ದವೂ ಬದಲಾಗದು. ಲಿನನ್ ಇಳಿಬೀಳುವ ರೀತಿ ನನಗೆ ಎಲ್ಲಕ್ಕಿಂತ ಪ್ರಿಯ, ಆದರೆ ಗಾಳಿಯ ತೇವದೊಂದಿಗೆ ಅದರ ಉದ್ದ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಆದ್ದರಿಂದ ನೆಲಕ್ಕೆ ಕೂದಲೆಳೆಯಷ್ಟು ಅಂತರ ಬಿಟ್ಟು ಹೊಲಿಸುವ ಶಿಸ್ತು ಅದಕ್ಕೆ ಹೊಂದುವುದಿಲ್ಲ. ವೆಲ್ವೆಟ್ ಆದರೆ ಎಲ್ಲ ತುಂಡುಗಳ ರೋಮ ಒಂದೇ ದಿಕ್ಕಿಗಿರಬೇಕು. ಒಂದು ತಲೆಕೆಳಗಾದರೂ ಅದು ಬೇರೆ ಬಟ್ಟೆಯೆಂಬಂತೆ ಕಾಣುತ್ತದೆ. ಹತ್ತಿಯನ್ನು ಕತ್ತರಿಸುವ ಮೊದಲೇ ತೊಳೆದು ಒಣಗಿಸಿದೆ, ಏಕೆಂದರೆ ಶೇ. 3 ಕುಗ್ಗಿದರೂ 250 ಸೆಂ.ಮೀ. ಪರದೆ ಏಳು ಸೆಂ.ಮೀ.ಗಿಂತ ಹೆಚ್ಚು ಮೇಲೇರಿಬಿಡುತ್ತದೆ. ಬೇಕಾದ ಬಟ್ಟೆಯನ್ನೆಲ್ಲ ಒಂದೇ ಬಣ್ಣದ ಬ್ಯಾಚಿನಿಂದ ಒಟ್ಟಿಗೆ ಕೊಳ್ಳಬೇಕು. ಆಮೇಲೆ ತಂದದ್ದು ಹೊಂದುತ್ತದೆಂಬ ಖಾತರಿಯಿಲ್ಲ.

ನಡುಮನೆಯ ಪರದೆಗಳನ್ನು ನಾನೇ ಹೊಲಿಯದೆ ಜೊತೆಗಾರರಿಗೆ ಕೊಟ್ಟೆ. ಬೇರೆಯವರಿಗೆ ಹೊಲಿಯಲು ಕೊಡುವಾಗ ಚೀಟಿಯಲ್ಲಿ “ಉದ್ದ 250” ಎಂದಷ್ಟೇ ಬರೆದರೆ ಸಾಲದು. ಅದು ಸಿದ್ಧ ಪರದೆಯ ಉದ್ದವೋ ಕತ್ತರಿಸುವ ಬಟ್ಟೆಯ ಉದ್ದವೋ, ಅಳತೆ ಶುರುವಾಗುವುದು ಬಟ್ಟೆಯ ಮೇಲಂಚಿನಿಂದಲೋ ಕೊಕ್ಕೆಯಿಂದಲೋ, ಎಡ ಬಲ ಪರದೆಗಳಲ್ಲಿ ಗೋಡೆಗೆ ತಿರುಗುವ ತುದಿ ಯಾವುದು, ಕೆಳಗಿನ ಅಂಚಿನ ಅಗಲ ಎಷ್ಟು, ಮೂಲೆಗೆ ಸೀಸದ ತೂಕ ಬೇಕೋ ಬೇಡವೋ ಇಷ್ಟನ್ನೂ ಬರೆದು, ಪಕ್ಕದಲ್ಲಿ ಒಂದು ಒರಟು ಚಿತ್ರವನ್ನೂ ಗೀಚಿ ಕೊಟ್ಟೆ. ಕೆಳಗಿನ ಅಂಚನ್ನು ಮಾತ್ರ ತಾತ್ಕಾಲಿಕವಾಗಿ ದಾರ ಎಳೆದು ಬಿಡಲು ಹೇಳಿದ್ದೆ. ತೂಕದ ಬಟ್ಟೆ ತೂಗಿದ ಮೇಲೆ ಎರಡು ಮೂರು ದಿನ ತನ್ನ ಭಾರಕ್ಕೆ ತಾನೇ ಜಗ್ಗಿಕೊಳ್ಳುತ್ತದೆ. ಅದು ನಿಂತ ಮೇಲೆ, ನೆಲದಿಂದ ಒಂದು ಸೆಂ.ಮೀ. ಮೇಲಕ್ಕೆ ಗುರುತು ಹಾಕಿ, ಕೊನೆಯ ಹೊಲಿಗೆ ಹಾಕಿದೆವು. ಆಮೇಲೆ ನೆರಿಗೆಗಳನ್ನು ಕೈಯಿಂದಲೇ ಮೇಲಿನಿಂದ ಕೆಳಗಿನವರೆಗೆ ತಿದ್ದಿ, ಅದೇ ಬಟ್ಟೆಯ ಪಟ್ಟಿಯಿಂದ ಮೂರು ಕಡೆ ಸಡಿಲವಾಗಿ ಕಟ್ಟಿ ಒಂದೆರಡು ದಿನ ಬಿಟ್ಟೆ. ಬಿಚ್ಚಿದ ಮೇಲೆ ನೆರಿಗೆಗಳು ಆ ಸಾಲನ್ನು ಬಿಡುವುದಿಲ್ಲ, ಎಳೆದು ಸರಿಸಿದಾಗಲೂ ತಮ್ಮ ಜಾಗಕ್ಕೇ ಮರಳುತ್ತವೆ.

ಧೂಳನ್ನು ಬ್ರಶ್ ಹಾಕಿದ ವ್ಯಾಕ್ಯೂಮಿನಿಂದ ಮೇಲಿನಿಂದ ಕೆಳಕ್ಕೆ ತೆಗೆಯುತ್ತಿದ್ದರೆ ತೊಳೆಯುವ ಸಂದರ್ಭ ಬಹಳ ಅಪರೂಪಕ್ಕೆ ಬರುತ್ತದೆ. ಪ್ರತಿ ಬಟ್ಟೆಯಲ್ಲೂ ಉಳಿದ ತುಂಡನ್ನು ಎಸೆಯದೆ ಮಡಿಸಿಟ್ಟಿದ್ದೇನೆ. ತುಂಡಿನ ಮೂಲೆಗೆ ಒಂದು ಚೀಟಿ ಹೊಲಿದು ಯಾವ ಕಿಟಕಿ, ಸಿದ್ಧ ಅಳತೆ ಎಷ್ಟು, ಕೊಕ್ಕೆಗಳೆಷ್ಟು, ನೀರಿಗೆ ಹಾಕಬಹುದೋ ಇಲ್ಲವೋ ಎಂದು ಬರೆದಿದ್ದೇನೆ. ಪರದೆಗಳನ್ನು ತೊಳೆಯಲು ಇಳಿಸಿದಾಗ ಯಾವುದು ಎಲ್ಲಿಗೆ ಹೋಗಬೇಕೆಂದು ನಾನಿಲ್ಲದಿದ್ದರೂ ಮನೆಯವರಿಗೆ ತಿಳಿಯುತ್ತದೆ, ತೇಪೆ ಹಾಕಬೇಕಾಗಿ ಬಂದರೆ ಅದೇ ಬ್ಯಾಚಿನ ಬಟ್ಟೆ ಕೈಯಲ್ಲಿರುತ್ತದೆ.